ಬಿಲ್ಲಿಗೆ ಬಾರ್‌ಕೋಡ್, ಮಾತ್ರೆಗೆ?

ಮುಂಬಯಿಯ ಯಾವುದೇ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು "ಶೆಟ್ರೇ" ಎಂದು ಕೂಗಿ ನೋಡಿ, ಒಬ್ಬರಾದರೂ ತಲೆ ಎತ್ತುತ್ತಾರೆ. ಮೂವತ್ತು ವರ್ಷಗಳಿಂದ ನಾನೂ ಹೇಳಿ ನಕ್ಕ ತಮಾಷೆ ಇದು. ಹೋದ ವರ್ಷ ನಗು ಬರಲಿಲ್ಲ.

ಊರಿಂದ ನಮ್ಮಲ್ಲಿಗೆ ಬಂದಿದ್ದ ಭಾವ ಜ್ವರ ಬಂದು ಆಸ್ಪತ್ರೆ ಸೇರಿದರು. ಅದೇ ವಾರ್ಡಿನಲ್ಲಿ ಇನ್ನೊಬ್ಬರು ಶೆಟ್ಟರಿದ್ದರು. ರಾತ್ರಿ ಪಾಳಿಯ ಸಿಸ್ಟರ್ ಬಂದು "ಶೆಟ್ಟಿ?" ಎಂದರು. ಮಂಪರಿನಲ್ಲಿದ್ದ ಭಾವ ಹೂಂ ಅಂದರು. ಕೈಗೆ ಬಂದದ್ದು ಸಕ್ಕರೆ ಕಾಯಿಲೆಯ ಮಾತ್ರೆ! ಅಕ್ಕನೂ ದಿನಾ ಅದನ್ನೇ ನುಂಗುವವಳು, ಗುರುತು ಸಿಕ್ಕಿತು. ಹಿಂದಿ ಬಾರದಿದ್ದರೂ "ಶುಗರ್ ನಹೀ, ನಹೀ" ಎಂದು ಕೈ ಹಿಡಿದು ತಡೆದಳು. ಸಿಸ್ಟರನ್ನು ನಾನು ದೂರುವುದಿಲ್ಲ. ಇಡೀ ವಾರ್ಡಿಗೆ ಅವರೊಬ್ಬರೇ.

ಸಿಟ್ಟು ಬಂದದ್ದು ಡಿಸ್ಚಾರ್ಜಿನ ದಿನ. ಔಷಧಿ ಕೌಂಟರಿನಲ್ಲಿ ಒಂದೊಂದು ಸಿರಿಂಜಿಗೂ ಸ್ಕ್ಯಾನರ್ 'ಟೀಂಕ್' ಎನ್ನುತ್ತಿತ್ತು. ಬಿಲ್ಲಿನಲ್ಲಿ ಒಂದು ರೂಪಾಯಿ ತಪ್ಪಿಲ್ಲ. ದುಡ್ಡಿಗಿರುವ ಕಾವಲು ಜೀವಕ್ಕೆ ಯಾಕಿಲ್ಲ?

ಇದು ಹೊಸ ವಿದ್ಯೆಯೇನಲ್ಲ. ಅಮೆರಿಕದ ಟೊಪೀಕಾದ ಮಾಜಿ ಸೈನಿಕರ ಆಸ್ಪತ್ರೆಯ ನರ್ಸ್ ಸ್ಯೂ ಕಿನಿಕ್ ಅವರಿಗೆ 1990ರ ದಶಕದಲ್ಲೇ ಇದು ಹೊಳೆದಿತ್ತು, ಅದೂ ಬಾಡಿಗೆ ಕಾರು ವಾಪಸ್ ಪಡೆಯುವವರ ಕೈಯ ಸ್ಕ್ಯಾನರ್ ನೋಡಿ! ರೋಗಿಯ ಕೈಪಟ್ಟಿಗೊಮ್ಮೆ, ಮಾತ್ರೆಯ ಪೊಟ್ಟಣಕ್ಕೊಮ್ಮೆ ಸ್ಕ್ಯಾನರ್ ಹಿಡಿಯಬೇಕು. ಡಾಕ್ಟರು ಬರೆದದ್ದಕ್ಕೆ ಹೊಂದದಿದ್ದರೆ ಕಂಪ್ಯೂಟರ್ ಎಚ್ಚರಿಸುತ್ತದೆ. ಬಾಸ್ಟನ್ನಿನ ಆಸ್ಪತ್ರೆಯೊಂದರ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಔಷಧಿ ಕೊಡುವಾಗಿನ ತಪ್ಪುಗಳು, ಹೊತ್ತು ತಪ್ಪಿದ್ದನ್ನು ಬಿಟ್ಟು, ಶೇ. 41ರಷ್ಟು ಇಳಿದಿದ್ದವು.

ನಮ್ಮ ದೇಶದಲ್ಲೂ 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್ ಔಷಧಿಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಅದು ಮಾತ್ರೆ ಅಸಲಿಯೋ ನಕಲಿಯೋ ಎಂದು ತಿಳಿಯಲಿಕ್ಕೆ. ಯಾವ ಶೆಟ್ಟರಿಗೆ ಎಂದು ಅದು ಹೇಳದು. ಮೇಲಾಗಿ ಸ್ಟ್ರಿಪ್ ಕತ್ತರಿಸಿ ಎರಡು ಮಾತ್ರೆ ಕೊಟ್ಟರೆ ಕೋಡ್ ಎಲ್ಲಿಯದು?

ಯಂತ್ರವೇ ದೇವರು ಎಂದು ನಾನು ಹೇಳುತ್ತಿಲ್ಲ. ರೋಗಿಯ ಕೈಪಟ್ಟಿಯ ನಕಲನ್ನು ಬೇರೆಲ್ಲೋ ಅಂಟಿಸಿಟ್ಟು ಸ್ಕ್ಯಾನ್ ಮಾಡುವ ಅಡ್ಡದಾರಿಗಳು ಅಮೆರಿಕದಲ್ಲೇ ಕಂಡುಬಂದಿವೆ. ಸಾಕಷ್ಟು ಸಿಸ್ಟರುಗಳಿಲ್ಲದೆ ಸ್ಕ್ಯಾನರ್ ಒಂದೇ ತಂದರೆ ಇಲ್ಲೂ ಅದೇ ಗತಿ. ಆದರೂ, ಭಾಷೆ ಬಾರದ ಹಿರಿಯರನ್ನು ಪರವೂರಿನ ವಾರ್ಡಿನಲ್ಲಿ ಬಿಟ್ಟು ಆಫೀಸಿಗೆ ಓಡುವ ನಮ್ಮಂಥವರಿಗೆ ಇದು ಬೇಕೇ ಬೇಕು. ಸ್ಕ್ಯಾನರಿಗೆ ಹಿಂದಿ, ಮರಾಠಿ ಬರಬೇಕಾಗಿಲ್ಲ ನೋಡಿ.

ಮುಂದಿನ ಸಲ ನಿಮ್ಮವರನ್ನು ಆಸ್ಪತ್ರೆಗೆ ಸೇರಿಸುವಾಗ, ಎಸಿ ರೂಮು ಇದೆಯೇ ಎಂದು ಕೇಳುವ ಮೊದಲು, ಮಾತ್ರೆ ಕೊಡುವಾಗ ಕೈಪಟ್ಟಿ ಸ್ಕ್ಯಾನ್ ಮಾಡುತ್ತೀರಾ ಎಂದು ಕೇಳಿ. ಇಲ್ಲವೆಂದರೆ, ಪೂರ್ತಿ ಹೆಸರು ಕೇಳಿಯೇ ಕೊಡಲು ಹೇಳಿ. ಬರೀ "ಶೆಟ್ಟಿ?" ಎಂದರೆ ಹೂಂ ಅನ್ನಬೇಡಿ.