ದನಿ ನಮ್ಮದು, ಸೀಟು ಯಾರದು?



ಕೇರಳದ ಏಳನೇ ಕ್ಲಾಸಿನ ಮಕ್ಕಳು 2024ರಿಂದ ಶಾಲೆಯ ಐಸಿಟಿ ಪಾಠದಲ್ಲೇ ಎಐ, ಅಂದರೆ ಕೃತಕ ಬುದ್ಧಿಮತ್ತೆ ಕಲಿಯುತ್ತಿದ್ದಾರೆ. ಕೈಟ್ ಸಂಸ್ಥೆಯ ಆ ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಇದೆ. ಮುಖದ ಭಾವ ಗುರುತಿಸುವ ಪ್ರೋಗ್ರಾಂ ಒಂದನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತಾರೆ. ಇದನ್ನು ಹೊಗಳಲೇಬೇಕು. ಆದರೆ ಅದೇ ಮಗು ಬೇಳದಲ್ಲೋ ಕಯ್ಯಾರಿನಲ್ಲೋ ದೊಡ್ಡದಾಗಿ, ಬಿ.ಎಸ್ಸಿ. ಮುಗಿಸಿ, "ಇದರಲ್ಲೇ ಸಂಶೋಧನೆ ಮಾಡಬೇಕು" ಎಂದರೆ ಎಲ್ಲಿಗೆ ಕಳಿಸೋಣ? 2021ರಲ್ಲಿ ಶುರುವಾದ ಕೇರಳ ಡಿಜಿಟಲ್ ವಿಶ್ವವಿದ್ಯಾಲಯ ಇರುವುದು ತಿರುವನಂತಪುರದಲ್ಲಿ, ಕಾಸರಗೋಡಿನಿಂದ 550 ಕಿ.ಮೀ.ಗೂ ಆಚೆ. ಮಂಗಳೂರು ಹತ್ತಿರವೇ. ಆದರೆ ತಲಪಾಡಿ ದಾಟಿದ ಕೂಡಲೇ ಸರ್ಕಾರಿ ಸೀಟಿಗೆ ನಾವು ಬೇರೆ ರಾಜ್ಯದವರು, ಗಡಿನಾಡ ಕನ್ನಡಿಗರೆಂದು ಸರ್ಟಿಫಿಕೇಟ್ ಹಿಡಿದು ನಿಲ್ಲಬೇಕು. ಈ ಖಾಲಿ ಜಾಗಕ್ಕೆ ಈಗ ಮೂರು ತಿಂಗಳ "ಎಐ ಕೋರ್ಸ್"ಗಳು ನುಗ್ಗಿವೆ. ಸಾಲ ಮಾಡಿ ಫೀಸು ಕಟ್ಟಿದ ಮನೆಗೆ ಕೊನೆಗೆ ಬರುವುದು ಒಂದು ಸರ್ಟಿಫಿಕೇಟ್. ಅವುಗಳ ಬಗ್ಗೆ ಇಷ್ಟು ಸಾಕು.

ಬೇರೆ ದಾರಿಯೇ ಇಲ್ಲವೇ? ಸ್ಪೇನಿನ ವಲೆನ್ಸಿಯಾ ಪ್ರದೇಶವನ್ನು ನೋಡಿ. ಅಲ್ಲೂ ನಮ್ಮಲ್ಲಿಯಂತೆ ಒಂದಕ್ಕಿಂತ ಹೆಚ್ಚು ಭಾಷೆ: ಸ್ಪ್ಯಾನಿಷ್ ಮತ್ತು ವಲೆನ್ಸಿಯನ್ ಎರಡಕ್ಕೂ ಅಧಿಕೃತ ಸ್ಥಾನವಿದೆ. ಅಲ್ಲಿನ ಪ್ರಾದೇಶಿಕ ಸರ್ಕಾರವೂ ಐದು ಸಾರ್ವಜನಿಕ ವಿಶ್ವವಿದ್ಯಾಲಯಗಳೂ ಸೇರಿ ವಾಲ್‌ಗ್ರಾಯ್ ಎಂಬ ಪ್ರತಿಷ್ಠಾನ ಕಟ್ಟಿಕೊಂಡಿವೆ. ಎಐ ಸಂಶೋಧನೆಯನ್ನೂ ಸ್ನಾತಕೋತ್ತರ, ಪಿಎಚ್.ಡಿ. ಓದನ್ನೂ ಒಂದಕ್ಕೊಂದು ಹೊಂದಿಸಿ ನಡೆಸುವುದೇ ಅದರ ಕೆಲಸ. ಎರಡು ವಿಶ್ವವಿದ್ಯಾಲಯ ವಲೆನ್ಸಿಯಾ ನಗರದಲ್ಲಿ, ಒಂದು ಉತ್ತರದ ಕಸ್ತೆಯೋನ್‌ನಲ್ಲಿ, ಇನ್ನೆರಡು ದಕ್ಷಿಣದ ಅಲಿಕಾಂತೆ ಮತ್ತು ಎಲ್ಚೆಯಲ್ಲಿ. ರಾಜಧಾನಿಯಲ್ಲಿ ಇನ್ನೊಂದು ದೊಡ್ಡ ಕಟ್ಟಡ ಎಬ್ಬಿಸಿ ಎಲ್ಲರನ್ನೂ ಅಲ್ಲಿಗೇ ಕರೆಯುವ ಬದಲು, ಇದ್ದ ಕಡೆಯೇ ಇದ್ದವರನ್ನು ಒಂದೇ ಜಾಲಕ್ಕೆ ಸೇರಿಸಿದರು.

ನಮ್ಮ ಜಿಲ್ಲೆಯಲ್ಲಿ ಏನೇನಿದೆ ಎಂದು ಒಮ್ಮೆ ಎಣಿಸಿ. ಪೆರಿಯದಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯ. ಅಲ್ಲಿ ಕಂಪ್ಯೂಟರ್ ಸೈನ್ಸ್ ಇದೆ, ಕನ್ನಡವೂ ಇದೆ. ಪೊವ್ವಲಿನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು. 1957ರಿಂದ ನಡೆಯುತ್ತಿರುವ ಕಾಸರಗೋಡು ಸರ್ಕಾರಿ ಕಾಲೇಜು. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಆರಂಭವಾಗಿ ಇವತ್ತು ಸಿಪಿಸಿಆರ್‌ಐ ಆಗಿರುವ ಕೇಂದ್ರ. ಅಡಿಕೆಯ ಎಲೆಚುಕ್ಕಿ ರೋಗವನ್ನು ಫೋನಿನ ಫೋಟೋದಲ್ಲೇ ಪತ್ತೆ ಹಚ್ಚುವ ಪ್ರೋಗ್ರಾಂ ಬೇಕೆಂದರೆ ತೋಟ ಇಲ್ಲಿದೆ, ರೋಗ ಇಲ್ಲಿದೆ, ರೋಗ ಬಲ್ಲವರು ಇಲ್ಲಿದ್ದಾರೆ, ಕೋಡ್ ಬರೆಯಬಲ್ಲ ಮಕ್ಕಳೂ ಇಲ್ಲಿದ್ದಾರೆ. ಇವರನ್ನು ಒಂದು ಮೇಜಿನ ಸುತ್ತ ಕೂರಿಸುವವರು ಬೇಕು. ಅದು ಕೇಂದ್ರದ್ದು, ಇದು ರಾಜ್ಯದ್ದು, ಅದು ಕೃಷಿ ಇಲಾಖೆಗೆ ಸೇರಿದ್ದು ಎಂಬ ಉತ್ತರ ನಮಗೆ ಬೇಡ. ಪ್ರತಿಷ್ಠಾನ ಅಂತ ಒಂದನ್ನು ಮಾಡುವುದೇ ಇಂಥ ಬೇಲಿ ದಾಟುವುದಕ್ಕೆ.

ಇನ್ನು ಭಾಷೆಯ ವಿಷಯ. ಇಲ್ಲಿ ನಮಗೆ ಸಿಟ್ಟು ಬರುವುದು ಸಹಜ. ಯಂತ್ರಕ್ಕೆ ಮಾತು ಕಲಿಸಬೇಕಾದರೆ ಜನರ ದನಿ ಬೇಕು. ಕೇಂದ್ರ ಸರ್ಕಾರದ ಭಾಷಿಣಿ "ಭಾಷಾದಾನ" ಕೇಳುತ್ತದೆ. ಬೆಂಗಳೂರಿನ ಐಐಎಸ್‌ಸಿ ಮತ್ತು ಆರ್ಟ್‌ಪಾರ್ಕ್, ಗೂಗಲ್ ಜೊತೆ ಸೇರಿ "ವಾಣಿ" ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತು ಸಂಗ್ರಹಿಸುತ್ತಿವೆ. ಕೊಡೋಣ, ಬೇಡವೆನ್ನುವುದಿಲ್ಲ. ಆದರೆ ದಾನ ಎಂದ ಮೇಲೆ ಲೆಕ್ಕ ಬೇಡವೇ? ಚರ್ಚಿನ ಕಾಣಿಕೆ ಡಬ್ಬಿಗೆ ಹತ್ತು ರೂಪಾಯಿ ಹಾಕಿದರೂ ವರ್ಷಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕ ಓದುತ್ತಾರೆ. ನಮ್ಮ ಅಜ್ಜಿಯಂದಿರ ಮಾತಿನಿಂದ ಕಟ್ಟಿದ ಯಂತ್ರದ ಮೇಲೆ ಪಿಎಚ್.ಡಿ. ಮಾಡುವವರು ಯಾರು ಎಂದು ಕೇಳುವ ಹಕ್ಕು ಮೊಮ್ಮಕ್ಕಳಿಗೆ ಇದೆ.

ಅದೂ ನಮ್ಮ ಮಾತು ಎಂದರೆ ಯಾವುದು? ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ, ಓದು ಬರಹಕ್ಕೆ ಕನ್ನಡ. ತುಳು ಎಂಟನೇ ಪರಿಚ್ಛೇದದಲ್ಲಿ ಇಲ್ಲ. ಹಾಗಾಗಿ 22 ಭಾಷೆಗಳ ಪಟ್ಟಿ ಹಿಡಿದು ಹೊರಟವರಿಗೆ ಅದು ಕಾಣುವುದೇ ಇಲ್ಲ. ಗೂಗಲ್ ಅನುವಾದಕ್ಕೆ ತುಳು ಸೇರಿದ್ದು 2024ರಲ್ಲಿ. ಕೊಂಕಣಿ ಪಟ್ಟಿಯಲ್ಲಿದೆ, ಆದರೆ ದೇವನಾಗರಿ ಲಿಪಿಯಲ್ಲಿ. ನಮ್ಮ ಪ್ರಾರ್ಥನೆ ಪುಸ್ತಕಗಳೋ ಕನ್ನಡ ಲಿಪಿಯಲ್ಲಿವೆ. ತಿರುವನಂತಪುರದಲ್ಲೋ ಬೆಂಗಳೂರಿನಲ್ಲೋ ಕುಳಿತವರಿಗೆ ಇದು ತಾನಾಗಿ ಹೊಳೆಯದು. ಅವರು ಕೆಟ್ಟವರೆಂದು ಹೇಳುತ್ತಿಲ್ಲ. ಇಲ್ಲಿಯವರೊಬ್ಬರು ಆ ಲ್ಯಾಬಿನಲ್ಲಿ ಇದ್ದರೆ ಮೊದಲ ದಿನವೇ ಹೇಳುತ್ತಿದ್ದರು.

"ಇದೆಲ್ಲ ಚರ್ಚಿನವರಿಗೆ ಯಾಕೆ?" ಎಂದು ಹಿರಿಯರು ಕೆಲವರು ಕೇಳಿದ್ದಾರೆ. ಜಗದ್ಗುರು ಹದಿನಾಲ್ಕನೇ ಲಿಯೋ 2025ರ ಮೇ ತಿಂಗಳಲ್ಲಿ, ಆಯ್ಕೆಯಾದ ಎರಡೇ ದಿನಕ್ಕೆ, ತಾವು ಆ ಹೆಸರು ಆರಿಸಿದ ಕಾರಣ ಹೇಳಿದರು: ಹದಿಮೂರನೇ ಲಿಯೋ 1891ರ ವಿಶ್ವಪತ್ರದಲ್ಲಿ ಕೈಗಾರಿಕಾ ಕ್ರಾಂತಿಯ ಕಾಲದ ಕಾರ್ಮಿಕರ ಪರ ನಿಂತರು, ಈಗ ಎಐ ಅಂಥದ್ದೇ ಸವಾಲು ತಂದಿದೆ. ಅದೇ ವರ್ಷದ ಜನವರಿಯಲ್ಲಿ ವ್ಯಾಟಿಕನ್ ಎಐ ಬಗ್ಗೆಯೇ ಒಂದು ದೊಡ್ಡ ದಾಖಲೆ ಹೊರಡಿಸಿತ್ತು. ರೋಮಿನಲ್ಲಿ ಇಷ್ಟು ಯೋಚನೆ ನಡೆದಿರುವಾಗ, "ಅದು ಸೈತಾನನ ಯಂತ್ರ" ಎಂಬ ವಾಟ್ಸ್‌ಆ್ಯಪ್ ಸಂದೇಶ ಫಾರ್ವರ್ಡ್ ಮಾಡುತ್ತಾ ಕೂರುವುದು ನಮಗೆ ಶೋಭೆಯಲ್ಲ. ತಲಾಂತುಗಳ ಸಾಮತಿಯಲ್ಲಿ ಬೈಸಿಕೊಂಡವನು ಹಣ ಕಳೆದವನಲ್ಲ, ಹೂತಿಟ್ಟವನು.

ನಾವು ಕೇಳುವುದು ದೊಡ್ಡದೇನಲ್ಲ. ಕೇರಳ ಸರ್ಕಾರ ಎಐ ಉನ್ನತ ಶಿಕ್ಷಣಕ್ಕೆ ಮುಂದೆ ಏನೇ ಯೋಜನೆ ಮಾಡಲಿ, ಅದರಲ್ಲಿ ಉತ್ತರ ಮಲಬಾರಿನ ಸಂಸ್ಥೆಗಳು ಸಮಾನ ಪಾಲುದಾರರಾಗಿರಬೇಕು. ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅದರಲ್ಲಿ ಸ್ಟೈಪೆಂಡ್ ಸಮೇತ ಸೀಟು ಬೇಕು. ಇಲ್ಲಿಂದ ದನಿ, ಬರಹ ಸಂಗ್ರಹಿಸುವವರು ಅದನ್ನು ಇಲ್ಲಿನ ಕಾಲೇಜುಗಳಿಗೂ ತೆರೆದಿಡಬೇಕು. 1956ರಲ್ಲಿ ರಾಜ್ಯದ ಗೆರೆ ಎಳೆದವರು ನಮ್ಮನ್ನು ಕೇಳಿ ಎಳೆಯಲಿಲ್ಲ. ಈ ಸಲವಾದರೂ ಮೊದಲೇ ಬಾಯಿ ಬಿಡೋಣ.

ನಮ್ಮ ಮನೆಯ ಲೆಕ್ಕವೂ ಇದೆ. ವಾರ್ಷಿಕ ಹಬ್ಬದ ಸುಡುಮದ್ದು, ಲೈಟಿಂಗ್, ಡಿಜೆ ಖರ್ಚಿನ ಅರ್ಧ ಉಳಿಸಿದರೆ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿಯ ಹಾಸ್ಟೆಲ್ ಖರ್ಚಿಗೆ ಆಧಾರವಾಗುತ್ತದೆ. ಇದನ್ನು ಪಾಲನಾ ಪರಿಷತ್ತಿನ ಮುಂದಿನ ಸಭೆಯಲ್ಲಿ ಇಡುತ್ತೇವೆ. ಬೈಯುವವರು ಅಲ್ಲಿಗೇ ಬಂದು ಬೈಯಬಹುದು. ಶಾಸಕರಿಗೆ ಕೊಡುವ ಮನವಿ ಕನ್ನಡದಲ್ಲೂ ಮಲಯಾಳದಲ್ಲೂ ಸಿದ್ಧವಾಗಿದೆ. ಸಹಿಯ ಹಾಳೆ ಈ ಭಾನುವಾರ ಎರಡೂ ಪೂಜೆಗಳ ನಂತರ ಚರ್ಚಿನ ಬಾಗಿಲಲ್ಲಿ ಇರುತ್ತದೆ. ಬರಲಾಗದವರ ಮನೆಗೆ ವಾರ್ಡಿನ ಗುರಿಕಾರರ ಜೊತೆ ನಾವೇ ಬರುತ್ತೇವೆ.