ಹೊಸ ಕೋಚಿಗೆ ಐದು ವರ್ಷ ಕೊಡಿ

ನೆಲಕಚ್ಚಿದ ಕಾಲೇಜು ತಂಡವೊಂದನ್ನು ಹೊಸ ಮುಖ್ಯ ಕೋಚ್ ಕೈಗೆ ಒಪ್ಪಿಸಿದ ಮೇಲೆ ಐದು ವರ್ಷ ಅವರನ್ನು ಅಲುಗಾಡಿಸಬಾರದು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕುರಿತು ನಾನು ಈ ಮಾತು ಆಡಿದಾಗಲೆಲ್ಲ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ. ಅವನ್ನು ಎತ್ತುವವರು ಆಟ ಬಲ್ಲವರು, ಆಟವನ್ನು ಪ್ರೀತಿಸುವವರು. ಆದ್ದರಿಂದ ತಳ್ಳಿಹಾಕದೆ ಒಂದೊಂದಕ್ಕೂ ಉತ್ತರ ಕೊಡುತ್ತೇನೆ. ನನ್ನ ಮುಖ್ಯ ಸಾಕ್ಷಿ ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯ. ಡಲ್ಲಾಸ್‌ನಿಂದ ಆಸ್ಟಿನ್‌ಗೆ ಕಾರಿನಲ್ಲಿ ಓಡಾಡುವ ನಮ್ಮ ಕನ್ನಡಿಗರಿಗೆ ನಡುದಾರಿಯ ವೇಕೊ ಊರು ಗೊತ್ತಿರುತ್ತದೆ. ಬ್ಯಾಪ್ಟಿಸ್ಟ್ ಪಂಥದವರ ಈ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ.

ಮೊದಲ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ‘ಬೇಲರ್ ತಂಡವನ್ನು ಮತ್ತೆ ಕಟ್ಟಲೇ ಬಾರದಿತ್ತು, ಮುಚ್ಚಬೇಕಿತ್ತು’ ಎನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. 2003ರ ಬೇಸಿಗೆಯಲ್ಲಿ ಪ್ಯಾಟ್ರಿಕ್ ಡೆನೆಹಿ ಎಂಬ ಆಟಗಾರನ ಕೊಲೆಯಾಯಿತು. ಕೊಂದವನು ಅದೇ ತಂಡದಲ್ಲಿ ಆಡಿದ್ದ ಕಾರ್ಲ್‌ಟನ್ ಡಾಟ್ಸನ್. 2005ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ 35 ವರ್ಷಗಳ ಸಜೆಯಾಯಿತು. ತನಿಖೆ ಶುರುವಾದ ಮೇಲೆ ಇನ್ನೊಂದು ಹೊಲಸು ಹೊರಬಿತ್ತು. ಮುಖ್ಯ ಕೋಚ್ ಡೇವ್ ಬ್ಲಿಸ್ ನಿಯಮ ಮುರಿದು ಡೆನೆಹಿಯ ಕಾಲೇಜು ಫೀಸು ಕಟ್ಟಿಸಿದ್ದರು. ಅದನ್ನು ಮುಚ್ಚಿಡಲು, ಸತ್ತ ಹುಡುಗ ಡ್ರಗ್ಸ್ ಮಾರಿ ಹಣ ಮಾಡುತ್ತಿದ್ದ ಎಂದು ಹೇಳುವಂತೆ ಉಳಿದ ಆಟಗಾರರಿಗೆ ಹೇಳಿಕೊಟ್ಟರು. ಸಹಾಯಕ ಕೋಚ್ ಅಬರ್ ರೌಸ್ ಆ ಮಾತುಗಳನ್ನು ಗುಟ್ಟಾಗಿ ಟೇಪ್ ಮಾಡಿಕೊಂಡಿದ್ದರಿಂದಲೇ ಸತ್ಯ ಬಯಲಾಯಿತು.

ಇಂಥ ತಂಡ ಇರಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ತಂಡ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಟೆಕ್ಸಸ್ ಅದಾಗಲೇ ನೋಡಿತ್ತು. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು, ನಿಯಮ ಮುರಿದದ್ದಕ್ಕಾಗಿ, ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಎನ್‌ಸಿಎಎ 1987ರಲ್ಲಿ ನಿಲ್ಲಿಸಿತು. ಅದು 1989ರಲ್ಲಿ ಮರಳಿ ಮೈದಾನಕ್ಕಿಳಿದರೂ ಮುಂದಿನ ಇಪ್ಪತ್ತು ವರ್ಷ ತಲೆಯೆತ್ತಲಿಲ್ಲ. ಶಿಕ್ಷೆ ಅನುಭವಿಸಿದವರಲ್ಲಿ ಹೆಚ್ಚಿನವರು ತಪ್ಪು ನಡೆದಾಗ ಅಲ್ಲಿ ಇರಲೂ ಇಲ್ಲದ ಹುಡುಗರು. ಬೇಲರ್‌ನಲ್ಲಿ ತಪ್ಪು ಮಾಡಿದ ಕೋಚ್ ಹುದ್ದೆ ಬಿಟ್ಟರು, ಅವರ ಮೇಲೆ ಹತ್ತು ವರ್ಷಗಳ ನಿರ್ಬಂಧ ಬಿತ್ತು. ಸರಿಯಾದ ದಾರಿ ಅದು. ಒಬ್ಬ ಕೋಚ್ ಸುಳ್ಳು ಹೇಳಿಕೊಟ್ಟ ಕಡೆ, ಹುಡುಗರನ್ನು ನೇರವಾಗಿ ನಡೆಸಿಕೊಳ್ಳುವ ಇನ್ನೊಬ್ಬ ಕೋಚ್ ಬರಬೇಕಿತ್ತು. ಬಾಗಿಲು ಮುಚ್ಚಿದ್ದರೆ ಆ ಅವಕಾಶವೂ ಮುಚ್ಚಿಹೋಗುತ್ತಿತ್ತು.

ಎರಡನೆಯ ಗುಂಪಿನವರು ‘ಟೆಕ್ಸಸ್‌ನಲ್ಲಿ ಪ್ರತಿಭೆಗೆ ಬರವೇ? ಹಣಕ್ಕೆ ಬರವೇ? ಯಾರು ಬಂದಿದ್ದರೂ ಗೆಲ್ಲುತ್ತಿದ್ದರು’ ಎನ್ನುತ್ತಾರೆ. ಹಾಗಿದ್ದರೆ ಮೊದಲೇಕೆ ಗೆಲ್ಲಲಿಲ್ಲ? 2003ಕ್ಕೆ ಮೊದಲು ಬೇಲರ್ ಕೊನೆಯ ಸಲ ಎನ್‌ಸಿಎಎಯ ರಾಷ್ಟ್ರ ಚಾಂಪಿಯನ್ ಟೂರ್ನಿಗೆ ಹೋಗಿದ್ದು 1988ರಲ್ಲಿ. ಆ ಟೂರ್ನಿಯಲ್ಲಿ ಒಂದು ಪಂದ್ಯ ಗೆದ್ದು ನೋಡಬೇಕೆಂದರೆ 1950ಕ್ಕೆ ಹೋಗಬೇಕು. ಅಷ್ಟೂ ಕಾಲ ಟೆಕ್ಸಸ್‌ನ ಹುಡುಗರು ಟೆಕ್ಸಸ್‌ನಲ್ಲೇ ಇದ್ದರು.

2003ರ ಆಗಸ್ಟ್‌ನಲ್ಲಿ ಬೇಲರ್‌ಗೆ ಹೊಸ ಕೋಚ್ ಆಗಿ ಸ್ಕಾಟ್ ಡ್ರೂ ಬಂದಾಗ ಅವರಿಗೆ 32 ವರ್ಷ. ಇಂಡಿಯಾನದ ವಾಲ್ಪರೈಸೊ ಎಂಬ ಚಿಕ್ಕ ವಿಶ್ವವಿದ್ಯಾಲಯದಲ್ಲಿ ತಂದೆ ಹೋಮರ್ ಡ್ರೂ ಅವರ ನಂತರ ಒಂದೇ ಒಂದು ಸೀಸನ್ ಮುಖ್ಯ ಕೋಚ್ ಆಗಿದ್ದವರು. ಅವರು ಬರುವ ಹೊತ್ತಿಗೆ ತಂಡದ ಜೀವಾಳವೇ ಹೊರಟುಹೋಗಿತ್ತು. ಜಾನ್ ಲೂಕಸ್ ಓಕ್ಲಹೋಮ ಸ್ಟೇಟ್‌ಗೆ ಹೋದರು, ಲಾರೆನ್ಸ್ ರಾಬರ್ಟ್ಸ್ ಮಿಸಿಸಿಪಿ ಸ್ಟೇಟ್‌ಗೆ, ಕೆನಿ ಟೇಲರ್ ಪಕ್ಕದ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ. ಸ್ಕಾಲರ್‌ಷಿಪ್ ಇದ್ದ ಬೆರಳೆಣಿಕೆಯ ಹುಡುಗರ ಜತೆಗೆ, ಸ್ಕಾಲರ್‌ಷಿಪ್ ಇಲ್ಲದೆ ಆಡುವ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಡ್ರೂ ಅಂಕಣಕ್ಕಿಳಿದರು. ಮೊದಲ ವರ್ಷ 8 ಗೆಲುವು, 21 ಸೋಲು. ಎರಡನೆಯ ವರ್ಷ 9 ಗೆಲುವು, 19 ಸೋಲು, ಅದರಲ್ಲೂ ಬೇಲರ್ ಇರುವ ಬಿಗ್ 12 ಲೀಗಿನ ಹದಿನಾರು ಪಂದ್ಯಗಳಲ್ಲಿ ಗೆದ್ದದ್ದು ಒಂದೇ.

ಮೂರನೆಯ ವರ್ಷದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ವಾದದ ಬೇರು ಇರುವುದು ಅಲ್ಲಿ. ಹಿಂದಿನ ಕೋಚ್ ಮಾಡಿದ ತಪ್ಪಿಗೆ ಎನ್‌ಸಿಎಎ ವಿಧಿಸಿದ ಶಿಕ್ಷೆ 2005–06ರಲ್ಲಿ ಜಾರಿಗೆ ಬಂತು. ಆ ಸೀಸನ್‌ನಲ್ಲಿ ಬೇಲರ್ ತನ್ನ ಲೀಗಿನ ಹೊರಗೆ ಒಂದು ಪಂದ್ಯವನ್ನೂ ಆಡುವಂತಿರಲಿಲ್ಲ. ಉಳಿದ ಕಾಲೇಜುಗಳು ನವೆಂಬರ್‌ನಲ್ಲಿ ಆಟ ಶುರುಮಾಡಿ, ಹೊಸ ವರ್ಷದ ಹೊತ್ತಿಗೆ ಹತ್ತು ಹನ್ನೆರಡು ಪಂದ್ಯ ಆಡಿ ಪಳಗಿರುತ್ತಿದ್ದವು. ವೇಕೊದ ಹುಡುಗರು ಆ ಎರಡು ತಿಂಗಳು ತಮ್ಮತಮ್ಮಲ್ಲೇ ಅಭ್ಯಾಸ ಮಾಡಿಕೊಂಡಿದ್ದರು. ಜನವರಿಯಲ್ಲಿ ಆಡಿದ ಮೊದಲ ಪಂದ್ಯವೇ ದೇಶದ ಅತಿ ಬಿಗಿಯಾದ ಲೀಗುಗಳಲ್ಲೊಂದರ ಪಂದ್ಯ. ಆ ವರ್ಷದ ಲೆಕ್ಕ 4 ಗೆಲುವು, 13 ಸೋಲು. ಒಂದೇ ವರ್ಷದಲ್ಲಿ ಫಲ ಬೇಕು ಎನ್ನುವವರ ಅಳತೆಗೋಲು ಹಿಡಿದರೆ ಡ್ರೂ ಅಲ್ಲಿಗೆ ಮುಗಿದರು: ಮೂರು ವರ್ಷ, 21 ಗೆಲುವು, 53 ಸೋಲು. ಇವತ್ತಿನ ಯಾವ ಆಡಳಿತ ಮಂಡಳಿ ಈ ಲೆಕ್ಕ ನೋಡಿ ಸುಮ್ಮನಿರುತ್ತದೆ? ಬೇಲರ್ ಸುಮ್ಮನಿತ್ತು. ನಾಲ್ಕನೆಯ ವರ್ಷ 15 ಗೆದ್ದರು, 16 ಸೋತರು. ಐದನೆಯ ವರ್ಷ, 2007–08ರಲ್ಲಿ, 21 ಗೆದ್ದು ಎನ್‌ಸಿಎಎ ಟೂರ್ನಿಗೆ ಹೋದರು. 2010ರಲ್ಲಿ ಆರು ದಶಕಗಳ ಬಳಿಕ ಅಲ್ಲಿ ಪಂದ್ಯ ಗೆದ್ದದ್ದಷ್ಟೇ ಅಲ್ಲ, ಕೊನೆಯ ಎಂಟರ ತನಕ ಹೋದರು.

‘ಅದು ಬೇಲರ್‌ಗೆ ಒದಗಿದ ಅದೃಷ್ಟ’ ಎಂಬ ಮಾತಿಗೆ ಅದೇ ಆವರಣದ ಇನ್ನೊಂದು ಕಥೆ ಉತ್ತರ ಹೇಳುತ್ತದೆ. ಬೇಲರ್‌ನ ಮಹಿಳಾ ತಂಡ 1999–2000ರಲ್ಲಿ 7 ಪಂದ್ಯ ಗೆದ್ದು 20 ಸೋತಿತ್ತು. ಆಮೇಲೆ ಬಂದ ಕಿಮ್ ಮಲ್ಕಿ 2005ರಲ್ಲಿ, ತಮ್ಮ ಐದನೆಯ ಸೀಸನ್‌ನಲ್ಲಿ, ರಾಷ್ಟ್ರ ಚಾಂಪಿಯನ್ ಪಟ್ಟ ತಂದರು. ಐದು ಎಂಬ ಅಂಕಿಯಲ್ಲಿ ಮಾಯೆಯೇನೂ ಇಲ್ಲ. ಹೊಸ ಕೋಚ್ ಬಂದ ಮೊದಲ ವರ್ಷ ಆಡುವುದು ಹಿಂದಿನವರು ಆರಿಸಿದ ಹುಡುಗರು. ಕೋಚ್ ತಾವೇ ಮನೆಮನೆಗೆ ಹೋಗಿ, ತಂದೆತಾಯಿಯರ ಜತೆ ಮಾತಾಡಿ, ಕರೆತಂದ ಮೊದಲ ಗುಂಪಿನ ಮಕ್ಕಳು ಎರಡನೆಯ ವರ್ಷ ಬರುತ್ತಾರೆ. ಅವರು ಪದವಿಯ ಕೊನೆಯ ವರ್ಷಕ್ಕೆ ಕಾಲಿಡುವುದು ಕೋಚ್‌ನ ಐದನೆಯ ವರ್ಷದಲ್ಲಿ. ಅಲ್ಲಿಯ ತನಕ ಕೋಚ್‌ನ ಕೆಲಸ ಪೂರ್ತಿಯಾಗಿ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಡ್ರೂ ಕಾಲದಲ್ಲೂ ನಿಯಮ ಮುರಿದರು ಎಂಬ ಆರೋಪ. ಇದು ನಿಜ. 2012ರಲ್ಲಿ ಎನ್‌ಸಿಎಎ ಬೇಲರ್‌ಗೆ ಶಿಕ್ಷೆ ಕೊಟ್ಟಿತು. ಪುರುಷರ ಮತ್ತು ಮಹಿಳೆಯರ ತಂಡಗಳ ಕೋಚ್‌ಗಳು ಸೇರಿ, ಸೆಳೆಯಬೇಕೆಂದಿದ್ದ ಆಟಗಾರರಿಗೂ ಅವರ ಕಡೆಯವರಿಗೂ ನಿಯಮ ಮೀರಿ ಸಾವಿರಕ್ಕೂ ಹೆಚ್ಚು ಫೋನ್ ಕರೆ ಮತ್ತು ಸಂದೇಶಗಳನ್ನು ಕಳಿಸಿದ್ದರು. ಡ್ರೂ ಅವರನ್ನು ಮುಂದಿನ ಸೀಸನ್‌ನಲ್ಲಿ ಲೀಗಿನ ಎರಡು ಪಂದ್ಯಗಳಿಂದ ಹೊರಗಿಟ್ಟರು. ಹತ್ತು ವರ್ಷದ ಹಿಂದೆ ಹಗರಣದಲ್ಲಿ ಮುಳುಗಿದ್ದ ಸಂಸ್ಥೆಯ ಕೋಚ್ ಇಂಥ ವಿಷಯದಲ್ಲಿ ಬೇರೆಯವರಿಗಿಂತ ಎರಡು ಪಟ್ಟು ಎಚ್ಚರವಾಗಿರಬೇಕಿತ್ತು. ಈ ಮಾತಿನಲ್ಲಿ ನಾನು ವಿರೋಧಿಗಳ ಜತೆಗಿದ್ದೇನೆ. ಆದರೆ ಫೋನ್ ಸಂದೇಶಗಳನ್ನೂ, ಸತ್ತ ಆಟಗಾರನ ಹೆಸರಿಗೆ ಮಸಿ ಬಳಿದದ್ದನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಬೇಲರ್ ಬದಲಾಗಲೇ ಇಲ್ಲ’ ಎಂದು ತೀರ್ಪು ಕೊಡುವುದು ಅನ್ಯಾಯ.

‘ಆಟಗಾರರನ್ನು ಕೂಡಿಹಾಕುವುದು ಗೊತ್ತು, ಆಡಿಸುವುದು ಗೊತ್ತಿಲ್ಲ’ ಎಂಬ ಟೀಕೆ ಬಹಳ ವರ್ಷ ಡ್ರೂ ಬೆನ್ನು ಬಿಡಲಿಲ್ಲ. 2015ರಲ್ಲಿ ಜಾರ್ಜಿಯ ಸ್ಟೇಟ್ ವಿರುದ್ಧ ಒಂದು ಅಂಕದಿಂದ, 2016ರಲ್ಲಿ ಯೇಲ್ ವಿರುದ್ಧ ನಾಲ್ಕು ಅಂಕದಿಂದ ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತಾಗ ಟೀಕಾಕಾರರಿಗೆ ಬೇಕಾದಷ್ಟು ಸರಕು ಸಿಕ್ಕಿತು. ಆಮೇಲೆ ನಡೆದದ್ದನ್ನು ಅವರು ಹೇಳುವುದಿಲ್ಲ. ವರ್ಷಗಟ್ಟಲೆ, ಆಟಗಾರರು ಜಾಗ ಹಂಚಿಕೊಂಡು ಕಾಯುವ ಜೋನ್ ಡಿಫೆನ್ಸ್ ಆಡಿಸುತ್ತಿದ್ದ ಡ್ರೂ 2019–20ರಲ್ಲಿ ಅದನ್ನು ಪಕ್ಕಕ್ಕಿಟ್ಟು, ಒಬ್ಬೊಬ್ಬರೂ ಒಬ್ಬೊಬ್ಬರನ್ನು ಕಾಯುವ, ಚೆಂಡು ಅಂಕಣದ ನಡುವಿಗೆ ಬರದಂತೆ ಅಂಚಿಗೆ ಒತ್ತುವ ರಕ್ಷಣೆಗೆ ಹೊರಳಿದರು. ಆ ವರ್ಷ 26 ಗೆಲುವು, 4 ಸೋಲು, ನಡುವೆ ಸತತ 23 ಗೆಲುವು. ಕೊರೊನಾದಿಂದ ಟೂರ್ನಿ ರದ್ದಾಯಿತು. ಮರುವರ್ಷ, 2021ರ ಏಪ್ರಿಲ್ 5ರಂದು ಇಂಡಿಯಾನಪೊಲಿಸ್‌ನಲ್ಲಿ, ಅಲ್ಲಿಯ ತನಕ 31 ಪಂದ್ಯ ಆಡಿ 31ನ್ನೂ ಗೆದ್ದಿದ್ದ ಗೊನ್ಜಾಗ ತಂಡವನ್ನು 86–70ರಿಂದ ಮಣಿಸಿ ಬೇಲರ್ ಚಾಂಪಿಯನ್ ಆಯಿತು. ಹದಿನೇಳನೆಯ ವರ್ಷದಲ್ಲಿ ತಮ್ಮ ಪದ್ಧತಿಯನ್ನೇ ಬದಲಿಸಿಕೊಂಡ ಕೋಚ್‌ಗೆ ಆಟ ಗೊತ್ತಿಲ್ಲ ಎನ್ನಲು ನನ್ನ ನಾಲಿಗೆ ಹೊರಳದು.

‘ಆ ಚಾಂಪಿಯನ್ ತಂಡ ಬೇರೆ ಕಾಲೇಜುಗಳಿಂದ ಎರವಲು ತಂದದ್ದು’ ಎಂಬುದೂ ಅರ್ಧ ಮಾತ್ರ ನಿಜ. ಡೇವಿಯನ್ ಮಿಚೆಲ್ ಆಬರ್ನ್‌ನಿಂದ ಬಂದವರು, ಮಸಿಯೊ ಟೀಗ್ ಉತ್ತರ ಕ್ಯಾರೊಲಿನದ ಆಶ್‌ವಿಲ್‌ನಿಂದ. ಆದರೆ ಆಗಿನ ನಿಯಮದಂತೆ ಇಬ್ಬರೂ 2018–19ರ ಸೀಸನ್ ಪೂರ್ತಿ ಪಂದ್ಯ ಆಡದೆ, ಬರೀ ಅಭ್ಯಾಸ ಮಾಡುತ್ತ ವೇಕೊದಲ್ಲಿ ಕಳೆದರು. ಫೈನಲ್‌ನಲ್ಲಿ 22 ಅಂಕ ಗಳಿಸಿದ ಜೇರೆಡ್ ಬಟ್ಲರ್ 2018ರಿಂದ, ಮಾರ್ಕ್ ವೈಟಲ್ 2016ರಿಂದ ಬೇಲರ್‌ನಲ್ಲೇ ಇದ್ದವರು. ಅಷ್ಟು ದಿನ ಒಟ್ಟಿಗೆ ಬೆವರು ಸುರಿಸಿದವರನ್ನು ಎರವಲು ತಂಡ ಎನ್ನುವುದು ಸರಿಯಲ್ಲ.

ಈಗ ಎಲ್ಲಕ್ಕಿಂತ ಬಲವಾದ ಆಕ್ಷೇಪ. ‘ನೀವು ಹೇಳುವ ಕಾಲ ಮುಗಿಯಿತು. 2021ರಿಂದ ಆಟಗಾರರು ಒಂದು ವರ್ಷ ಕೂರದೆ ಕಾಲೇಜು ಬದಲಿಸಬಹುದು, ತಮ್ಮ ಹೆಸರಿನಿಂದ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡುತ್ತವೆ. ಮಿಶಿಗನ್ 2023–24ರಲ್ಲಿ 8 ಗೆದ್ದು 24 ಸೋತಿತ್ತು, ಡಸ್ಟಿ ಮೇ ಬಂದ ಮೊದಲ ವರ್ಷವೇ 27 ಗೆದ್ದಿತು. ಲೂಯಿವಿಲ್ ಕೂಡ ಅದೇ ವರ್ಷ 8–24, ಪ್ಯಾಟ್ ಕೆಲ್ಸಿ ಬಂದ ಮೇಲೆ 27–8. ಹೀಗಿರುವಾಗ ಐದು ವರ್ಷ ಏಕೆ ಕಾಯಬೇಕು?’

ಈ ಅಂಕಿಗಳನ್ನು ನಾನು ಒಪ್ಪುತ್ತೇನೆ. ಬೇಗ ಎದ್ದುನಿಲ್ಲುವ ತಂಡ ಹಿಂದೆಯೂ ಇತ್ತು. ಡ್ರೂ ಎರಡನೆಯ ವರ್ಷ ಸೋಲುತ್ತಿದ್ದಾಗ ಅದೇ ಲೀಗಿನ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಬಿಲಿ ಗಿಲಿಸ್ಪಿ ಬಂದ ವರ್ಷವೇ 7 ಗೆಲುವಿನಿಂದ 21ಕ್ಕೆ ಏರಿಸಿದ್ದರು. ಆದರೆ ಡಸ್ಟಿ ಮೇ ಮಿಶಿಗನ್‌ಗೆ ಬರಿಗೈಯಲ್ಲಿ ಬರಲಿಲ್ಲ. 2018ರಲ್ಲಿ ಅವರು ಫ್ಲಾರಿಡ ಅಟ್ಲಾಂಟಿಕ್ ಎಂಬ, ಯಾರೂ ಲೆಕ್ಕಕ್ಕಿಡದ ತಂಡಕ್ಕೆ ಕೋಚ್ ಆದರು. ಅದನ್ನು ಕೊನೆಯ ನಾಲ್ಕಕ್ಕೆ ಒಯ್ದದ್ದು 2023ರಲ್ಲಿ, ಐದನೆಯ ಸೀಸನ್‌ನಲ್ಲಿ. ಮಿಶಿಗನ್‌ನಲ್ಲಿ ಮೊದಲ ವರ್ಷ ಅವರಿಗೆ ಆಧಾರವಾಗಿದ್ದ ಎತ್ತರದ ಆಟಗಾರ ವ್ಲಾಡಿಸ್ಲಾವ್ ಗೋಲ್ಡಿನ್ ಅಲ್ಲಿಂದಲೇ ಜತೆಗೆ ಬಂದವರು. ಮಿಶಿಗನ್ ಒಂದು ವರ್ಷದಲ್ಲಿ ಕೊಯ್ದ ಬೆಳೆಗೆ ಗೊಬ್ಬರ ಹಾಕಿದ್ದು ಫ್ಲಾರಿಡದ ಆ ವರ್ಷಗಳು. ಎಲ್ಲ ವಿಶ್ವವಿದ್ಯಾಲಯಗಳೂ ಮೊದಲ ವರ್ಷವೇ ಫಲ ಕೇಳಿದರೆ, ಡಸ್ಟಿ ಮೇ ಅಂಥವರು ಕೆಲಸ ಕಲಿಯುವುದು ಎಲ್ಲಿ?

ಹಣದ ಬಲ ಬೆಳೆದಿರುವಾಗ ಕೋಚ್ ಸ್ಥಿರವಾಗಿರುವುದು ಇನ್ನೂ ಮುಖ್ಯ ಎಂದು ನಾನು ನಂಬುತ್ತೇನೆ. ವರ್ಷಕ್ಕೊಮ್ಮೆ ತಂಡದ ಮುಕ್ಕಾಲು ಭಾಗ ಬದಲಾಗುವ ಕಡೆ ಬದಲಾಗದೆ ಉಳಿಯಬಲ್ಲದ್ದು ಕೋಚ್ ಮತ್ತು ಅವರ ಸಹಾಯಕರು ಮಾತ್ರ. 2024ರಲ್ಲಿ ಕೆಂಟಕಿಯಂಥ ದೊಡ್ಡ ತಂಡ ಕರೆದಾಗಲೂ ಡ್ರೂ ವೇಕೊ ಬಿಡಲಿಲ್ಲ. 4–13ರ ವರ್ಷ ತಮ್ಮನ್ನು ಉಳಿಸಿಕೊಂಡವರ ಜತೆ ಅವರು ಇಪ್ಪತ್ತೊಂದನೆಯ ವರ್ಷದಲ್ಲೂ ಉಳಿದರು. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನ ವಿಶ್ವವಿದ್ಯಾಲಯಕ್ಕೆ ಆಡಲು ಹೋದಂತೆ ನಮ್ಮ ಕಡೆಯ ಇನ್ನಷ್ಟು ಮಕ್ಕಳು ಹೋಗಲಿ ಎಂಬ ಆಸೆ ನನ್ನದು. ಮಗಳನ್ನೋ ಮಗನನ್ನೋ ಅಷ್ಟು ದೂರ ಕಳಿಸುವ ತಂದೆತಾಯಿ, ಇಂದು ಮಾತುಕೊಟ್ಟ ಕೋಚ್ ಎರಡು ವರ್ಷದ ಮೇಲೂ ಅಲ್ಲಿರುತ್ತಾರೆಯೇ ಎಂದು ಕೇಳಿಯೇ ಕೇಳುತ್ತಾರೆ.

ಕೊನೆಯದಾಗಿ, ‘ಐದು ವರ್ಷ ಕಾಯುವಾಗ ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳ ಗತಿಯೇನು? ಅವರ ನಾಲ್ಕೇ ವರ್ಷ ಸೋಲಿನಲ್ಲಿ ಕಳೆಯಬೇಕೇ?’ ಎಂಬ ಪ್ರಶ್ನೆ. ಇದಕ್ಕೆ ಏರನ್ ಬ್ರೂಸ್ ಅವರ ನಾಲ್ಕು ವರ್ಷಗಳನ್ನು ತೆಗೆದು ನೋಡಿ. ಆಸ್ಟ್ರೇಲಿಯದಿಂದ 2004ರಲ್ಲಿ ಬೇಲರ್‌ಗೆ ಬಂದ ಬ್ರೂಸ್ ಮೊದಲ ವರ್ಷ 19 ಸೋಲು ಕಂಡರು. ಎರಡನೆಯ ವರ್ಷ ಜನವರಿಯ ತನಕ ಪಂದ್ಯವೇ ಇರಲಿಲ್ಲ. ಮರುವರ್ಷ ಗೆಲುವು ಸೋಲು ಹೆಚ್ಚುಕಡಿಮೆ ಸಮವಾಯಿತು. ಕೊನೆಯ ವರ್ಷ, ಎರಡು ದಶಕ ಯಾವ ಬೇಲರ್ ಹುಡುಗನೂ ಆಡದ ಎನ್‌ಸಿಎಎ ಟೂರ್ನಿಯಲ್ಲಿ ಆಡಿದರು. ಪರ್ಡ್ಯೂ ವಿರುದ್ಧ 79–90ರಿಂದ ಸೋತರೂ ಅಲ್ಲಿಗೆ ತಲುಪಿದ್ದರು. 2006ರಲ್ಲಿ ಡ್ರೂ ಅವರನ್ನು ಕಳಿಸಿದ್ದರೆ ಬ್ರೂಸ್‌ಗೆ ಎರಡೇ ದಾರಿ: ಮೂರನೆಯ ವರ್ಷದಲ್ಲಿ ತಮ್ಮನ್ನು ಆರಿಸದ ಹೊಸ ಕೋಚ್ ಕೆಳಗೆ ಮೊದಲಿನಿಂದ ಶುರುಮಾಡುವುದು, ಇಲ್ಲವೇ ಬೇರೆ ಕಾಲೇಜಿಗೆ ಹೋಗಿ ಒಂದು ವರ್ಷ ಆಡದೆ ಕೂರುವುದು. ವಿದ್ಯಾರ್ಥಿಗಳ ಹೆಸರು ಹೇಳಿ ಕೋಚನ್ನು ಬದಲಿಸಿ ಎನ್ನುವವರು ಆ ಎರಡರಲ್ಲಿ ಯಾವುದು ಬ್ರೂಸ್‌ಗೆ ಒಳ್ಳೆಯದಾಗುತ್ತಿತ್ತು ಎಂದು ಹೇಳಬೇಕು.