ಪರಿಹಾರದ ಚೆಕ್ಕು ಸ್ಮಾರಕ ಅಲ್ಲ

ನವಲಗುಂದ ತಾಲೂಕಿನ ನಮ್ಮೂರಲ್ಲಿ ಹಿಂದಿನ ಮನಿ ಆಯಿ ಸತ್ತಿದ್ದು ಮಲಗಿದ್ದಲ್ಲೇ. ನಾಲ್ಕು ದಿನ ಬಿಡದೆ ಮಳೆ ಸುರಿದಿತ್ತು, ಐದನೇ ರಾತ್ರಿ ಗೋಡೆ ಬಿತ್ತು. ಬೆಂಗಳೂರಿನ ಆಫೀಸಲ್ಲಿ ಕೂತು ವಾಟ್ಸಾಪಿನಲ್ಲಿ ಸುದ್ದಿ ಓದಿದ ನಾನು, ಕೈಮುಗಿಯುವ ಇಮೋಜಿ ಒತ್ತಿ ಮೀಟಿಂಗಿಗೆ ಹೋದೆ. ಮರುದಿನ ಪೇಪರಿನಲ್ಲಿ ನಾಲ್ಕು ಸಾಲು. ಆಮೇಲೆ 5 ಲಕ್ಷದ ಚೆಕ್ಕು, ಚೆಕ್ಕಿನ ಜೊತೆ ಫೋಟೋ. ಈಗ ಆ ಜಾಗದಲ್ಲಿ ಬೈಕು ನಿಲ್ಲಿಸ್ತಾರೆ.

ಅಷ್ಟಕ್ಕೇ ಮುಗೀತಾ?

ಹೀಗೆ ಮುಗಿಸದ ಊರೂ ಒಂದಿದೆ. 1923ರ ಸೆಪ್ಟೆಂಬರ್ 1, ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷ ಬಾಕಿ. ಮನೆಮನೆಯಲ್ಲಿ ಒಲೆ ಉರಿಯುವ ಹೊತ್ತಿಗೆ ಟೋಕಿಯೊ ನಡುಗಿತು. ಭೂಕಂಪಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಬೆಂಕಿ. ಸೇನೆಯ ಬಟ್ಟೆ ಡಿಪೋ ಇದ್ದ ಖಾಲಿ ಮೈದಾನಕ್ಕೆ ಜನ ಗಂಟುಮೂಟೆ ಹೊತ್ತು ಓಡಿಬಂದರು. ಆ ಗಂಟುಗಳಿಗೇ ಕಿಡಿ ಬಿತ್ತು. ಅಲ್ಲೊಂದೇ ಕಡೆ ಸತ್ತವರು ಸುಮಾರು 38,000.

ಅದೇ ನೆಲದ ಮೇಲೆ 1930ರಲ್ಲಿ ಸ್ಮಾರಕ ಎದ್ದಿತು. ಈಗ ಅದರ ಹೆಸರು ಇರೇಯ್‌ದೋ. ಹಿಂಬದಿಯ ಗೋಪುರದಲ್ಲಿ ಸುಮಾರು 58,000 ಜನರ ಅಸ್ಥಿ ಇದೆ. ಪ್ರತಿ ಸೆಪ್ಟೆಂಬರ್ 1ಕ್ಕೆ ಅಲ್ಲಿ ಪ್ರಾರ್ಥನೆ ನಡೆಯುತ್ತೆ. 1960ರಿಂದ ಜಪಾನಿನಲ್ಲಿ ಅದೇ ದಿನ ವಿಪತ್ತು ತಡೆ ದಿನ ಕೂಡ. ಭೂಕಂಪ ಆದರೆ ಏನು ಮಾಡಬೇಕು ಅನ್ನೋದರ ತಾಲೀಮು. ಅಳೋದು, ಕಲಿಯೋದು ಎರಡಕ್ಕೂ ಒಂದೇ ತಾರೀಕು!

ಅದೇ ಪಾರ್ಕಿನಲ್ಲಿ 1973ರಲ್ಲಿ ನಿಲ್ಲಿಸಿದ ಇನ್ನೊಂದು ಕಲ್ಲಿದೆ. ಭೂಕಂಪದ ನಂತರ 'ಬಾವಿಗೆ ವಿಷ ಹಾಕ್ತಿದ್ದಾರೆ' ಅನ್ನೋ ಗಾಳಿಸುದ್ದಿ ನಂಬಿದವರು ಕೊಂದ ಕೊರಿಯನ್ನರ ನೆನಪಿಗೆ. ಅಲ್ಲಿನ ಸಭೆಗೆ ಸಂತಾಪ ಸಂದೇಶ ಕಳಿಸೋದನ್ನ ಟೋಕಿಯೊ ಗವರ್ನರ್ 2017ರಲ್ಲಿ ನಿಲ್ಲಿಸಿದರು. ಕಲ್ಲು ಮಾತ್ರ ಅಲ್ಲೇ ನಿಂತಿದೆ. ಸ್ಮಾರಕದ ಕೆಲಸವೇ ಅದು: ಯಾರು ಸತ್ತರು ಅನ್ನೋದರ ಜೊತೆಗೆ ಯಾಕೆ ಸತ್ತರು ಅಂತಲೂ ಹೇಳೋದು.

ನಮಗೇನು ಕಲ್ಲು ನಿಲ್ಲಿಸೋದು ಗೊತ್ತಿಲ್ಲವೇ? ವೀರಗಲ್ಲುಗಳ ನಾಡು ನಮ್ಮದು. 1980ರ ಜುಲೈ 21ರ ರೈತ ಬಂಡಾಯದಲ್ಲಿ ಗುಂಡಿಗೆ ಬಲಿಯಾದವರಿಗೆ ನವಲಗುಂದದಲ್ಲೂ ವೀರಗಲ್ಲಿದೆ. ಪ್ರತಿವರ್ಷ ಅಲ್ಲಿ ಮಾಲೆ, ಭಾಷಣ. ಇರಲಿ, ಇರಲೇಬೇಕು. ಆದರೆ ಗೋಡೆ ಬಿದ್ದು ಸತ್ತವರ ಹಿಂದೆ ಬಾವುಟ ಇಲ್ಲ, ಪಕ್ಷ ಇಲ್ಲ. ಅವರಿಗೆ ಕಲ್ಲೂ ಇಲ್ಲ.

"ಮಗಾ, ಸ್ಮಾರಕದ ದುಡ್ಡಲ್ಲಿ ಮನೆ ಕಟ್ಟಬಹುದಲ್ಲ?" ಅಂದ ಆಫೀಸಿನ ಗೆಳೆಯ. ಕಟ್ಟಲಿ. ಆದರೆ ಮರೆತವರು ಕಟ್ಟಲ್ಲ. ಬೀದರ್ ಗಡಿಯಾಚೆ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರನ್ನು ಕೊಂದದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲಿನ ಮಣ್ಣಿನ ಭಾರ. ನಮ್ಮೂರ ಹಳೇ ಮಾಳಿಗೆ ಮನೆಗಳೂ ಅಂಥವೇ. ಸೋರುತ್ತೆ ಅಂತ ಮೇಲೆ ಮಣ್ಣು ಹಾಕ್ತಾನೇ ಇರ್ತೀವಿ. ಮಳೆಗೆ ಆ ಮಣ್ಣು ನೀರು ಕುಡಿದು ಇನ್ನೂ ಭಾರ ಆಗುತ್ತೆ, ಕೆಳಗೆ ಗೋಡೆ ನೆನೆದು ಮೆತ್ತಗಾಗುತ್ತೆ. ಕೊಲ್ಲೋಕೆ ಭೂಕಂಪವೇ ಬೇಕಿಲ್ಲ.

ನಾನು ಕೇಳ್ತಿರೋದು ಗೋಪುರ ಅಲ್ರೀ. ಪ್ರತಿ ಗ್ರಾಮ ಪಂಚಾಯಿತಿ ಮುಂದೆ ಒಂದು ಕಲ್ಲು, ಅದರ ಮೇಲೆ ಮಳೆಗೆ, ಹಳ್ಳದ ನೆರೆಗೆ ಸತ್ತವರ ಹೆಸರು, ಸತ್ತ ಕಾರಣ. ಕಾರಹುಣ್ಣಿಮೆಗೆ ಎತ್ತಿನ ಮೈತೊಳೆದು ಸಿಂಗರಿಸೋ ಊರು, ಅದೇ ವಾರ ಆ ಕಲ್ಲಿನ ಮುಂದೆ ಸೇರಿ ಓಣಿ ಓಣಿಯ ಗೋಡೆ ನೋಡಿಕೊಂಡು ಬರಲಿ. ಬಿರುಕು ಬಿಟ್ಟ ಮನೆಯವರನ್ನ ಮಳೆಗಾಲ ಮುಗಿಯೋವರೆಗೆ ಶಾಲೆಗೋ ಸಮುದಾಯ ಭವನಕ್ಕೋ ಸಾಗಿಸಲಿ.

ಊರು ಬಿಟ್ಟು ಬಂದ ನಾವು ಕಲ್ಲಿನ ಖರ್ಚು ಕೊಡೋಣ. ಒಂದು ವೀಕೆಂಡಿನ ಬಿಲ್ಲು ಸಾಕು. ನಮ್ಮೂರ ಮೊದಲ ಕಲ್ಲು ಆಯಿ ಮಲಗಿದ್ದ ಜಾಗದಲ್ಲೇ ನಿಲ್ಲಲಿ.

ಬೈಕು ಬೇರೆ ಕಡೆ ನಿಲ್ಲಿಸಿದರಾಯ್ತು.